ಹದಿನೇಳು ಮುಖಗಳು

ಕೆಲ್ಲಿವಿಲ್

ಸಿಡ್ನಿಯ ಮೆಟ್ರೋ ರೈಲಿಗೆ ಚಾಲಕನಿಲ್ಲ. ಯಾರಾದರೂ ಇದನ್ನು ಮೊದಲೇ ಹೇಳಿದ್ದರೆ ನಾನು ಮುಂದಿನ ಡಬ್ಬಿಗೆ ಹತ್ತುತ್ತಿರಲಿಲ್ಲ. ಚಾಲಕ ಕೂತಿರಬೇಕಾದ ಜಾಗದಲ್ಲಿ, ದೊಡ್ಡ ಗಾಜಿನ ಎದುರು, ನಾನೇ ನಿಂತಿದ್ದೆ. ಸುರಂಗ ನೇರ ನನ್ನ ಮುಖಕ್ಕೆ ಬರುತ್ತಿತ್ತು. ಹಳಿ ತಿರುಗುವಲ್ಲಿ ರೈಲು ತಾನೇ ನಿಧಾನವಾಯಿತು, ನಿಲ್ದಾಣ ಬಂದಾಗ ತಾನೇ ನಿಂತಿತು, ಬಾಗಿಲು ತೆರೆಯಿತು, ಯಾರೂ ಹತ್ತಲಿಲ್ಲ, ಬಾಗಿಲು ಮುಚ್ಚಿತು.

"ಯಾರು ಓಡಿಸ್ತಿರೋದು ಇದನ್ನ?" ಎಂದು ತಂಗಿಯನ್ನು ಕೇಳಿದೆ.

"ಯಾರೂ ಇಲ್ಲ ಅಕ್ಕ. ಬಂದು ಕೂತ್ಕೋ, ಎಲ್ಲರೂ ನೋಡ್ತಿದಾರೆ," ಎಂದಳು ಸುಧಾ. ತಿರುಗಿ ನೋಡಿದೆ. ಡಬ್ಬಿಯಲ್ಲಿ ನಾವಿಬ್ಬರೇ ಇದ್ದೆವು.

ನಾನು ಹಾಸನದ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಮತದಾರರ ಪಟ್ಟಿ ತಿದ್ದುವುದು, ಮತಗಟ್ಟೆ ಸಿಬ್ಬಂದಿಗೆ ಸಾಮಾನು ಹಂಚುವುದು, ಕೆಲವೊಮ್ಮೆ ನಾನೇ ಮತಗಟ್ಟೆಗೆ ಹೋಗಿ ಕೂರುವುದು, ಇದು ನನ್ನ ಬದುಕು. ಕಂಡದ್ದನ್ನು ಕಂಡಷ್ಟೇ ಬರೆಯುವುದು ಅಲ್ಲಿ ಬಂದ ಅಭ್ಯಾಸ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಜನರ ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಸುಧಾ ಸಿಡ್ನಿಯಲ್ಲಿ ಡಾಕ್ಟರ್, ಮನೆ ಕೆಲ್ಲಿವಿಲ್ ಎಂಬ ಬಡಾವಣೆಯಲ್ಲಿ. ಅವಳ ಗಂಡ ನಾಗೇಶ್ ಎಂಜಿನಿಯರ್. ಇಬ್ಬರಿಗೂ ಒಂದೊಂದು ಕಾರು. ಬೆಳಿಗ್ಗೆ ಏಳೂವರೆಗೆ ಎರಡೂ ಹೊರಟರೆ ಮನೆಯಲ್ಲಿ ನಾನೊಬ್ಬಳೇ. ಬಂದ ನಾಲ್ಕನೆಯ ದಿನ ತುಳಸಿಗೆಂದು ಅವಳು ಇಟ್ಟಿದ್ದ ಕುಂಡಕ್ಕೆ ನೀರು ಹಾಕಲು ಹೊರಗೆ ಹೋದೆ. ಹಿಂದೆ ಬಾಗಿಲು ತಾನೇ ಬೀಗ ಹಾಕಿಕೊಂಡಿತು. ಫೋನು ಒಳಗೆ, ನಾನು ನೈಟಿಯ ಮೇಲೊಂದು ಶಾಲು ಹೊದ್ದು ಹೊರಗೆ. ಜುಲೈ ಅಲ್ಲಿ ಚಳಿಗಾಲ.

ಯಾರಾದರೂ ಬರುತ್ತಾರೆ ಎಂದುಕೊಂಡು ರಸ್ತೆಯ ಅಂಚಿನಲ್ಲಿ ನಿಂತೆ. ಹಾಸನದ ನಮ್ಮ ಬೀದಿಯಲ್ಲಿ ನಾನು ಹಾಗೆ ಎರಡು ನಿಮಿಷ ನಿಂತರೆ ಐದು ಜನ ಕೇಳುತ್ತಾರೆ. ಇಲ್ಲಿ ಎರಡು ಗಂಟೆ ಹದಿನೈದು ನಿಮಿಷ ನಿಂತೆ. ಎರಡೂ ಕಡೆ ಒಂದೇ ಬಣ್ಣದ ಮನೆಗಳು, ಹೊಸದಾಗಿ ಕತ್ತರಿಸಿದ ಹುಲ್ಲು, ಎಲ್ಲ ಕಿಟಕಿಗೂ ಪರದೆ. ಎದುರುಮನೆಯ ಗ್ಯಾರೇಜಿನ ಬಾಗಿಲು ಒಮ್ಮೆ ಮೇಲೆದ್ದಿತು. ಕಪ್ಪು ಗಾಜಿನ ಕಾರೊಂದು ಹೊರಬಂದು ಹೋಯಿತು. ಬಾಗಿಲು ಇಳಿಯಿತು. ಒಂದು ಮಗು ಒಂದೇ ಸಮ ಅಳುತ್ತಿತ್ತು. ಯಾವ ಮನೆಯಿಂದ ಎಂದು ಹುಡುಕುತ್ತಾ ಮೂಲೆಯವರೆಗೆ ಹೋದೆ. ದೀಪದ ಕಂಬದ ಮೇಲೆ ಒಂದು ಕಾಗೆ ಕೂತಿತ್ತು. ಅಲ್ಲಿಯ ಕಾಗೆಗಳು ಹಾಗೆ ಕೂಗುತ್ತವೆ.

ಸುಧಾ ಕೆಲಸದ ಮಧ್ಯೆ ಮನೆಗೆ ಬಂದು ಬಾಗಿಲು ತೆರೆದಳು. "ಪಕ್ಕದ ಮನೆ ಬೆಲ್ ಮಾಡೋದಲ್ವಾ?" ಎಂದಳು. ಎರಡು ಮನೆಗಳಲ್ಲಿ ಮಾಡಿದ್ದೆ. ಎರಡರಲ್ಲೂ ಪುಟ್ಟ ಕ್ಯಾಮೆರಾದಿಂದ ಒಂದು ಧ್ವನಿ ಹಲೋ ಎಂದಿತು. ಮನೆಯೊಳಗೆ ಯಾರೂ ಇರಲಿಲ್ಲ. ಧ್ವನಿ ಆಫೀಸಿನಿಂದ ಮಾತಾಡುತ್ತಿತ್ತು.

ಅಂದು ಸಂಜೆ ಕಾಫಿ ಕುಡಿಯುವಾಗ ನಾಗೇಶ್ ತನ್ನ ಕನ್ನಡ ಸಂಘದ ವಿಷಯ ತೆಗೆದ.

"ಅಕ್ಕ, ನಿಮ್ಮಿಂದ ಒಂದು ಕೆಲಸ ಆಗ್ಬೇಕು. ನಮ್ಮದೊಂದು ವೋಟಿಂಗ್ ಇದೆ. ನೀವೇ ಎಲೆಕ್ಷನ್ ಆಫೀಸರ್."

ನಗೆಯಾಡುತ್ತಿದ್ದಾನೆ ಎಂದುಕೊಂಡೆ. ಆಡುತ್ತಿರಲಿಲ್ಲ. ಅವನು ಆ ಸಂಘದ ಕಾರ್ಯದರ್ಶಿ. ಬಹಳ ಹಿಂದೆ ಬೆಂಗಳೂರು, ಮೈಸೂರುಗಳಿಂದ ಬಂದ ಡಾಕ್ಟರು, ಎಂಜಿನಿಯರು, ಪ್ರೊಫೆಸರುಗಳು ಸೇರಿ ಕಟ್ಟಿದ್ದು. ಸದಸ್ಯರು ಎರಡು ರಾಜ್ಯಗಳಲ್ಲಿ: ಸಿಡ್ನಿಯವರು ನ್ಯೂ ಸೌತ್ ವೇಲ್ಸಿನವರು, ಮೆಲ್ಬರ್ನಿನವರು ವಿಕ್ಟೋರಿಯಾದವರು. ಸಂಘದ ನಿಯಮಗಳನ್ನು ಅವರು ನಿಯಮಾವಳಿ ಎನ್ನದೆ ಸಂವಿಧಾನ ಎಂದೇ ಕರೆದು, ಕನ್ನಡದಲ್ಲಿ ಕೈಯಾರೆ ಬರೆದಿದ್ದರು. ಆ ದೇಶದ ದೊಡ್ಡ ಸಂವಿಧಾನ ಬದಲಿಸಲು ಒಟ್ಟು ಜನರಲ್ಲಿ ಬಹುಮತ ಬಂದರೆ ಸಾಲದು, ರಾಜ್ಯಗಳಲ್ಲೂ ಬಹುಮತ ಬರಬೇಕು. ಆ ಮಾದರಿ ಇವರಿಗೆ ಹಿಡಿಸಿತ್ತು. ಏನೇ ತೀರ್ಮಾನವಾಗಬೇಕಾದರೂ ಎರಡೂ ರಾಜ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೌದು ಎನ್ನಬೇಕು. ಅರ್ಧವೆಂದರೆ ಸಭೆಗೆ ಬಂದವರಲ್ಲಿ ಅರ್ಧವಲ್ಲ, ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಅರ್ಧ. ಹೊಸ ಸದಸ್ಯರನ್ನು ಸೇರಿಸಿಕೊಳ್ಳುವುದಕ್ಕೂ ಅದೇ ನಿಯಮ.

"ಸತ್ತವರ ಹೆಸರು?" ಎಂದೆ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಅದೇ.

ನಾಗೇಶ್ ಲೋಟ ಕೆಳಗಿಟ್ಟ. "ಅದೇ ಅಕ್ಕ ಪ್ರಾಬ್ಲಂ. ಸತ್ತವರ ಹೆಸರು ತೆಗೀಬೇಕು ಅಂತ ಎಲ್ಲೂ ಬರೆದಿಲ್ಲ. ಮರೆತುಬಿಟ್ರು. ಬರೆದಾಗ ಎಲ್ಲರಿಗೂ ಮೂವತ್ತೈದು ನಲವತ್ತು ವಯಸ್ಸು. ಯಾರಿಗೆ ಹೊಳೀತದೆ ಹೇಳಿ?"

"ಹಾಗಾದರೆ ಸತ್ತವರೆಲ್ಲ..."

"ಬೇಡ ಅಂತ ವೋಟ್ ಹಾಕಿದ ಲೆಕ್ಕ. ಪ್ರತಿ ವರ್ಷ ಬೇಡದವರು ಜಾಸ್ತಿ ಆಗ್ತಾ ಹೋಗ್ತಾರೆ."

"ನಾನು ಬದುಕಿದೀನಿ, ನನಗೆ ವೋಟಿಲ್ಲ," ಎಂದಳು ಸುಧಾ. ಅವಳು ಮದುವೆಯಾಗಿ ಬರುವ ಹೊತ್ತಿಗೆ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತುಹೋಗಿತ್ತು. "ಇವರ ಸಂಘದಲ್ಲಿ ಒಳಗೆ ಹೋಗೋಕೆ ಬಾಗಿಲಿಲ್ಲ, ಹೊರಗೆ ಬರೋಕೂ ಇಲ್ಲ."

ಈಗ ಮತಕ್ಕೆ ಹಾಕುವ ಪ್ರಶ್ನೆ ಒಂದೇ: ಎರಡೂ ರಾಜ್ಯದ ಸದಸ್ಯರ ಸಮಾವೇಶ ಕರೆದು ಸಂವಿಧಾನವನ್ನು ಹೊಸದಾಗಿ ಬರೆಯಬೇಕೆ, ಬೇಡವೆ. ಸಮಾವೇಶ ಕರೆಯಲಿಕ್ಕೂ ಅದೇ ಬಹುಮತ ಬೇಕು. ಮೆಲ್ಬರ್ನಿನಲ್ಲಿ ಇನ್ನೊಬ್ಬರು ತೀರಿಕೊಂಡರೆ ಆ ಬಹುಮತ ಯಾವ ಕಾಲಕ್ಕೂ ಸಿಗುವುದಿಲ್ಲ. ಬದುಕಿರುವವರೆಲ್ಲ ಒಟ್ಟಾಗಿ ಹೌದು ಎಂದರೂ ಸಾಲುವುದಿಲ್ಲ.

ನಾನೇ ಏಕೆ ಬೇಕೆಂದರೆ, ಮತವನ್ನು ಕನ್ನಡದಲ್ಲಿ ಸ್ವಂತ ಕೈಯಿಂದ 'ಹೌದು' ಅಥವಾ 'ಬೇಡ' ಎಂದು ಬರೆಯಬೇಕೆಂದು ಸಂವಿಧಾನ ಹೇಳುತ್ತದೆ. ಎಲ್ಲರಿಗೂ ಎಲ್ಲರ ಅಕ್ಷರ ಗೊತ್ತು. ಆದ್ದರಿಂದ ಚೀಟಿ ಎಣಿಸುವವರು ಹೊರಗಿನವರಾಗಿರಬೇಕು, ಒಬ್ಬರೇ ಇರಬೇಕು, ಎಣಿಸಿದ ಕೂಡಲೇ ಚೀಟಿಗಳನ್ನು ನಾಶ ಮಾಡಬೇಕು.

"ಇದು ಗುಪ್ತ ಮತದಾನವೇ ಅಲ್ಲ. ಅಚ್ಚು ಮಾಡಿಸಿ, ಟಿಕ್ ಹಾಕಿಸಿ," ಎಂದೆ.

"ಅದನ್ನ ಬದಲಾಯಿಸೋಕೆ ಸಮಾವೇಶ ಬೇಕು ಅಕ್ಕ," ಎಂದ ನಾಗೇಶ್. ಮೂವರೂ ನಕ್ಕೆವು. ನಾನು ಒಪ್ಪಿಕೊಂಡೆ.

ಲಿವರ್‌ಪೂಲ್

ಸಿಡ್ನಿಯ ಸಭೆ ಭಾನುವಾರ ಮಧ್ಯಾಹ್ನ ನಗರದ ಇನ್ನೊಂದು ಅಂಚಿನ ಲಿವರ್‌ಪೂಲಿನಲ್ಲಿ. ಸಂಘದ ಮೊದಲ ಡಾಕ್ಟರುಗಳು ಅಲ್ಲಿ ಕೆಲಸ ಮಾಡುತ್ತಿದ್ದರಂತೆ, ಅಂದಿನಿಂದ ಅದೇ ಬಾಡಿಗೆ ಸಭಾಂಗಣ. ನೆಲಕ್ಕೆ ಹಚ್ಚಿದ ಪಾಲಿಷ್ ವಾಸನೆ, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಹಿಂದಿನ ಕಾರ್ಯಕ್ರಮದವರು ಕಟ್ಟಿದ್ದ ಬಲೂನೊಂದು ಛಾವಣಿಗೆ ಅಂಟಿಕೊಂಡಿತ್ತು. ಹೊರಗೆ ಅರಬ್ಬಿ, ವಿಯೆಟ್ನಾಮಿ, ಇನ್ನೂ ಯಾವುದೋ ಭಾಷೆಗಳ ಗದ್ದಲ. ಕೆಲ್ಲಿವಿಲ್ ನೋಡಿದವಳಿಗೆ ಆ ಗದ್ದಲ ಹಿತವಾಗಿತ್ತು.

ಪಟ್ಟಿಯಲ್ಲಿ ನಲವತ್ತಾರು ಹೆಸರು. ನಾನು ಮೇಜಿನ ಹಿಂದೆ ಪೆನ್ಸಿಲ್ ಹಿಡಿದು ಕೂತೆ. ನಾಗೇಶ್ ಹೆಸರು ಕರೆಯಲು ತೊಡಗಿದ. ಒಬ್ಬೊಬ್ಬರೂ "ಇದ್ದೀನಿ" ಎಂದು ಕೈಯೆತ್ತಿದರು. ಐದನೆಯ ಹೆಸರು ಡಾಕ್ಟರ್ ಅನಂತ. ಯಾರೂ ಕೈಯೆತ್ತಲಿಲ್ಲ. ನಾನು ಗೈರು ಎಂದು ಬರೆಯಲು ಪೆನ್ಸಿಲನ್ನು ಕಾಗದಕ್ಕೆ ಊರಿದೆ.

ಅಷ್ಟರಲ್ಲಿ ಇಡೀ ಸಭೆ ಒಂದೇ ಧ್ವನಿಯಲ್ಲಿ ಹೇಳಿತು: "ಇದ್ದಾರೆ."

ತಲೆಯೆತ್ತಿ ನೋಡಿದೆ. ಜನ ಎಂದಿನಂತೆ ಕೂತಿದ್ದರು. ಒಬ್ಬರು ಕನ್ನಡಕ ಒರೆಸುತ್ತಿದ್ದರು. ನಾಗೇಶ್ ಮುಂದಿನ ಹೆಸರಿಗೆ ಹೋಗಿದ್ದ.

ಹಾಗೆ ಹದಿನೇಳು ಸಲ. ಕರೆದ ಹೆಸರಿಗೆ ಉತ್ತರವಿಲ್ಲದ ಅರೆಕ್ಷಣ, ಆಮೇಲೆ ಎಲ್ಲರ ಬಾಯಿಂದ ಮೆಲ್ಲಗೆ, ಒಟ್ಟಿಗೆ, "ಇದ್ದಾರೆ." ದುಃಖದ ಧ್ವನಿಯಲ್ಲ ಅದು. ಶಾಲೆಯಲ್ಲಿ ಪಕ್ಕದ ಹುಡುಗಿ ನೀರು ಕುಡಿಯಲು ಹೋದಾಗ ನಾವು ಮೇಷ್ಟ್ರಿಗೆ ಹೇಳುತ್ತಿದ್ದಂತಹ ಧ್ವನಿ.

ನಮ್ಮಲ್ಲಿ ಮತಗಟ್ಟೆಗೆ ಹೋಗುವಾಗ ಒಂದು ಪ್ರತ್ಯೇಕ ಪಟ್ಟಿ ಕೊಡುತ್ತಾರೆ. ಗೈರಾದವರು, ಊರು ಬಿಟ್ಟವರು, ಸತ್ತವರು. ಆ ಹೆಸರಿನಲ್ಲಿ ಯಾರಾದರೂ ಬಂದರೆ ಎಚ್ಚರವಾಗಿರಬೇಕು. ಒಮ್ಮೆ ಹೊಳೆನರಸೀಪುರದ ಕಡೆಯ ಹಳ್ಳಿಯಲ್ಲಿ ಹಾಗೆ ಒಬ್ಬರು ಬಂದರು. ನೆರೆಯವರ ಮಾತು ನಂಬಿ ನಾನೇ ಅವರನ್ನು ಸತ್ತವರ ಪಟ್ಟಿಗೆ ಹಾಕಿದ್ದೆ. "ನಾನು ಸತ್ತಿಲ್ಲ ಕಣಮ್ಮ," ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು, ಅವರು ನಗಲಿಲ್ಲ. ಅಂಥ ತಪ್ಪು ಮತ್ತೆ ಆಗದಿರಲಿ ಎಂದು ಉಳಿದ ಸೇವೆಯಲ್ಲೆಲ್ಲ ಎಚ್ಚರ ವಹಿಸಿದೆ. ಇಲ್ಲಿ ಅದರ ತಿರುಗುಮುರುಗು. ನನ್ನ ಪಟ್ಟಿಯಲ್ಲಿ ಆ ಹದಿನೇಳು ಹೆಸರುಗಳ ಮುಂದೆ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟೆ.

ಬದುಕಿದ್ದ ಇಪ್ಪತ್ತೊಂಬತ್ತು ಜನರಲ್ಲಿ ಇಪ್ಪತ್ತೇಳು ಜನ ಬಂದಿದ್ದರು. ಹೌದು ಇಪ್ಪತ್ತೈದು, ಬೇಡ ಎರಡು. ಬೇಕಾಗಿದ್ದದ್ದು ಇಪ್ಪತ್ನಾಲ್ಕು. ಸಿಡ್ನಿಯಲ್ಲಿ ಗೆದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿ ಉಪ್ಪಿಟ್ಟು, ಕೇಸರಿಬಾತು ತಿಂದರು.

ಕಾರಿನಲ್ಲಿ ನಾಗೇಶನಿಗೆ ಹೇಳಿದೆ: "ಮೆಲ್ಬರ್ನಿನಲ್ಲಿ ಆ 'ಇದ್ದಾರೆ' ಬೇಡ. ಹಾಜರಾತಿ ಕರೆದಾಗ ಬಂದ ಉತ್ತರ ಹಾಜರಾತಿಯೇ. ಅದನ್ನು ಇಟ್ಟುಕೊಂಡು ನಾನು ಪಟ್ಟಿಗೆ ಸಹಿ ಹಾಕಲಾರೆ."

"ಹಳೇ ಪದ್ಧತಿ ಅಕ್ಕ. ಮರ್ಯಾದೆಗೆ ಹೇಳೋದು."

"ಮರ್ಯಾದೆ ಬೇರೆ, ಪಟ್ಟಿ ಬೇರೆ."

ಅವನು ಅಂದೇ ಮೆಲ್ಬರ್ನಿನವರಿಗೆ ಮೆಸೇಜ್ ಕಳಿಸಿದ. ಈಗ ಯೋಚಿಸಿದರೆ, ಆ ಪ್ರವಾಸದಲ್ಲಿ ನಾನು ಮಾಡಿದ ಎರಡು ತಪ್ಪುಗಳಲ್ಲಿ ಅದು ಮೊದಲನೆಯದು.

ಟಾರ್ನೀಟ್, ಶನಿವಾರ

ಎರಡನೆಯದು, ಮೆಲ್ಬರ್ನಿನಲ್ಲೂ ಮತದಾರರ ಮನೆಯಲ್ಲಿ ಉಳಿದದ್ದು. ನಮ್ಮಲ್ಲಿ ಮತಗಟ್ಟೆ ಸಿಬ್ಬಂದಿ ಊರಿನ ಯಾರ ಮನೆಯಲ್ಲೂ ಉಳಿಯಬಾರದು, ಶಾಲೆಯ ಬೆಂಚಿನ ಮೇಲೆ ಮಲಗಬೇಕು. ಹೋಟೆಲ್ ನೋಡು ಎಂದು ನಾಗೇಶನಿಗೆ ಹೇಳಿದ್ದೆ. ಆದರೆ ಮೆಲ್ಬರ್ನಿನ ವಿಮಾನ ನಿಲ್ದಾಣದಲ್ಲಿ ಮೀರಾ ನಿಂತಿದ್ದಳು. "ಹೋಟೆಲಾ? ಟಾರ್ನೀಟಲ್ಲಾ? ಏನ್ ಆಂಟಿ ನೀವು!" ಎಂದು ನನ್ನ ಪೆಟ್ಟಿಗೆ ಕಿತ್ತುಕೊಂಡಳು.

ಮೀರಾಳ ತಂದೆ ರಾಮಚಂದ್ರ ರಾಯರು ನಿವೃತ್ತ ಪ್ರೊಫೆಸರ್. ಸಂಘದ ಸಂವಿಧಾನವನ್ನು ಬರೆದ ಕೈ ಅವರದೇ. ಆರು ವರ್ಷದ ಹಿಂದೆ ಪತ್ನಿ ಕಮಲಾ ತೀರಿಕೊಂಡ ಮೇಲೆ ಮಗಳ ಜೊತೆ ಇದ್ದಾರೆ.

ಮೆಲ್ಬರ್ನಿನ ಅಂಚಿನ ಟಾರ್ನೀಟ್ ಇನ್ನೂ ಕಟ್ಟಿ ಮುಗಿದಿರದ ಊರು. ಇಂಡಿಯನ್ ಅಂಗಡಿಗಳ ಸಾಲು ದಾಟಿದರೆ ಮನೆಗಳು, ಮನೆಗಳು ದಾಟಿದರೆ ಮನೆಗಳ ಮರದ ಅಸ್ಥಿಪಂಜರಗಳು, ಅವನ್ನೂ ದಾಟಿದರೆ ಬರೀ ರಸ್ತೆಗಳು. ಹೆಸರಿನ ಫಲಕ, ಪಾದಚಾರಿ ದಾರಿ, ದೀಪದ ಕಂಬ ಎಲ್ಲ ಇವೆ. ಮನೆ ಇಲ್ಲ. ಮೀರಾ ಒಂದು ತಿರುವು ತಪ್ಪಿದಳು, ಹತ್ತು ನಿಮಿಷ ಅಂಥ ರಸ್ತೆಗಳಲ್ಲೇ ಸುತ್ತಿದೆವು. ಕಾರಿನ ಮ್ಯಾಪಿನಲ್ಲಿ ನಾವು ಬಯಲಿನ ನಡುವೆ ಇದ್ದೆವು. ಒಂದು ರಸ್ತೆ ಬೇಲಿಗೆ ಹೋಗಿ ನಿಂತಿತು. ಬೇಲಿಯಾಚೆ ಒಣ ಹುಲ್ಲು ಆಕಾಶದವರೆಗೆ ಒಂದೇ ದಿಕ್ಕಿಗೆ ಬಾಗಿ ಅಲ್ಲಾಡುತ್ತಿತ್ತು.

"ಹೋದ ತಿಂಗಳು ಈ ರಸ್ತೆ ಇರ್ಲಿಲ್ಲ," ಎಂದಳು ಮೀರಾ.

ಮನೆಯಲ್ಲಿ ರಾಯರು ಊಟದ ಮೇಜಿನ ಮೇಲೆ ನಾಳೆಗಾಗಿ ಪಟ್ಟಿಯನ್ನು ನಕಲು ಮಾಡುತ್ತಿದ್ದರು. ಅವರಿಗೆ ಕೈ ನಡುಕದ ಕಾಯಿಲೆ. ಪ್ರತಿ ಅಕ್ಷರವೂ ಓಡುವ ಬಸ್ಸಿನಲ್ಲಿ ಕೂತು ಬರೆದಂತೆ ಅಲೆಯಲೆಯಾಗಿ ಬೀಳುತ್ತಿತ್ತು. "ಟೈಪ್ ಮಾಡ್ತೀನಿ ಕೊಡಿ ಅಪ್ಪಾ" ಎಂದು ಮೀರಾ ಎರಡು ಸಲ ಹೇಳಿದಳು. ಕೊಡಲಿಲ್ಲ. ಮೂವತ್ತನಾಲ್ಕು ಹೆಸರು ಬರೆಯಲು ಮಧ್ಯಾಹ್ನವಿಡೀ ಹಿಡಿಯಿತು. ನಾನು ಎದುರು ಕೂತು ಬದನೆಕಾಯಿ ಹೆಚ್ಚುತ್ತಾ ನೋಡಿದೆ. ನೋಡಬಾರದಿತ್ತು. ಅದು ಆಗ ಹೊಳೆಯಲಿಲ್ಲ.

ಹನ್ನೊಂದನೆಯ ಹೆಸರಿಗೆ ಮೊದಲು ಅವರು ಪೆನ್ನು ಕೆಳಗಿಟ್ಟು ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಬರೆದರು. ಕಮಲಾ ರಾಮಚಂದ್ರ.

ಊಟಕ್ಕೆ ಕೂತಾಗ ಮೀರಾ ಕೇಳಿದಳು, "ಅಪ್ಪಾ, ನಾಳೆ ಏನು ಬರೀತೀರಿ?"

"ಮತ ಎಣಿಸುವವರು ಮನೆಯಲ್ಲೇ ಇದ್ದಾರೆ. ಅಂಥ ಪ್ರಶ್ನೆ ಕೇಳಬಾರದು," ಎಂದರು ರಾಯರು.

"ಎಣಿಸೋದು ಏನಿದೆ? ಮೂವತ್ತನಾಲ್ಕು ಹೆಸರು, ಹದಿನಾರು ಜನ ಇಲ್ಲ, ಹದಿನೆಂಟು ಜನ ಇದೀರಿ. ಬೇಕಾಗಿರೋದು ಹದಿನೆಂಟು. ಹದಿನೇಳು ಜನ ಆಗ್ಲೇ ಎಸ್ ಅಂದಿದಾರೆ, ಗ್ರೂಪಲ್ಲಿ ಬಾಯ್ಬಿಟ್ಟು ಹೇಳಿದಾರೆ. ನೀವೊಬ್ಬರೇ ಹೇಳಿಲ್ಲ."

ರಾಯರು ಅನ್ನ ಕಲಸುತ್ತಾ ಇದ್ದರು.

"ಈ ಸಬರ್ಬಲ್ಲಿ ಎಷ್ಟು ಕನ್ನಡದವರಿದಾರೆ ಗೊತ್ತಾ ಆಂಟಿ? ಶನಿವಾರ ನನ್ನ ಗ್ಯಾರೇಜಲ್ಲಿ ಮಕ್ಕಳಿಗೆ ಕನ್ನಡ ಹೇಳ್ಕೊಡ್ತೀನಿ, ನಿಲ್ಲೋಕೆ ಜಾಗ ಇರಲ್ಲ. ಒಬ್ಬರೂ ಸಂಘಕ್ಕೆ ಸೇರೋ ಹಾಗಿಲ್ಲ. ನಾನೂ ಸೇರೋ ಹಾಗಿಲ್ಲ. ನಿಮ್ಮ ಪಟ್ಟಿಗೆ ಸೇರೋಕೆ ನಾನು ಸಾಯ್ಬೇಕಾ ಅಪ್ಪಾ?"

"ಸೇರಿದ ಮೇಲೆ ಸಾಯಬೇಕು. ಕ್ರಮ ಹಾಗಿದೆ," ಎಂದರು ರಾಯರು. ಮೀರಾಗೆ ನಗು ಬಂತು, ತಡೆದುಕೊಂಡಳು.

ಆಮೇಲೆ ಅವರೇ ಹೇಳಿದರು, "ಹೊಸದು ಬರೆದರೆ ಅಮ್ಮನ ಹೆಸರು ಹೊಡೆದು ಹಾಕಬೇಕಾಗುತ್ತದೆ."

"ಹೊಡೆದು ಹಾಕಲ್ಲ. ಬೇರೆ ಲಿಸ್ಟಿಗೆ ಹಾಕ್ತಾರೆ."

"ಯಾವ ಲಿಸ್ಟು?"

ಮೀರಾ ಎದ್ದು ಮೊಸರು ತರಲು ಹೋದಳು. ತೆಗೆದುಕೊಂಡು ಬರಲು ಬಹಳ ಹೊತ್ತಾಯಿತು.

ಆಮೇಲೆ ತಿಳಿಯಿತು, ಪ್ರತಿ ವರ್ಷ ಸಭೆಯಲ್ಲಿ ಹೆಸರು ಕರೆಯುವವರು ರಾಯರೇ. ಹನ್ನೊಂದನೆಯ ಹೆಸರನ್ನೂ ಅವರೇ ಕರೆಯುತ್ತಾರೆ. ವರ್ಷಕ್ಕೊಮ್ಮೆ, ಅದೊಂದು ಕ್ಷಣ, ಅಷ್ಟು ಜನ ಒಟ್ಟಾಗಿ ಅವರಿಗೆ ಇದ್ದಾರೆ ಎಂದು ಹೇಳುತ್ತಾರೆ.

ಟಾರ್ನೀಟ್, ಭಾನುವಾರ

ಹತ್ತಿರದ ಬಾಡಿಗೆ ಸಭಾಂಗಣಕ್ಕೆ ಹದಿನೆಂಟು ಜನವೂ ಬಂದಿದ್ದರು. ಒಬ್ಬರು ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಸಣ್ಣ ಸಿಲಿಂಡರನ್ನು ಚಕ್ರದ ಗಾಡಿಯಲ್ಲಿ ಎಳೆದುಕೊಂಡು ಬಂದರು. "ನಾನು ಇನ್ನೊಂದು ವರ್ಷ ಗ್ಯಾರಂಟಿ ಕೊಡಲ್ಲಪ್ಪ, ಇವತ್ತೇ ಮುಗಿಸಿ," ಎಂದು ನಗಿಸಿದರು. ಮೀರಾಳಂತೆ ಸದಸ್ಯರಲ್ಲದ ಕೆಲವರು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಹೊರಗೆ ಗಾಳಿ ತಗಡಿನ ಛಾವಣಿಯ ಅಂಚನ್ನು ಹಿಡಿದು ಬಿಡದೆ ಅಲುಗಿಸುತ್ತಿತ್ತು.

ನಾನು ಎದ್ದು ಹೇಳಿದೆ: "ಹೆಸರು ಕರೆದಾಗ ಆಯಾ ಸದಸ್ಯರು ಮಾತ್ರ ಉತ್ತರಿಸಬೇಕು. ಬೇರೆಯವರ ಪರವಾಗಿ ಯಾರೂ ಏನೂ ಹೇಳಬಾರದು." ಎಲ್ಲರೂ ತಲೆಯಾಡಿಸಿದರು. ನಿಯಮದ ಮಟ್ಟಿಗೆ ನನ್ನ ಮಾತು ಸರಿಯಾಗಿತ್ತು. ಈಗಲೂ ಸರಿಯೆಂದೇ ಹೇಳುತ್ತೇನೆ.

ರಾಯರು ಪಟ್ಟಿ ಹಿಡಿದು ನಿಂತರು. ಕಾಗದ ಅವರ ಕೈಯಲ್ಲಿ ಸದ್ದು ಮಾಡುತ್ತಿತ್ತು.

ಮೊದಲ ಹೆಸರು, "ಇದ್ದೀನಿ." ಎರಡನೆಯದು, "ಇದ್ದೀನಿ." ಮೂರನೆಯ ಹೆಸರಿಗೆ ಏನೂ ಬರಲಿಲ್ಲ.

ಲಿವರ್‌ಪೂಲಿನಲ್ಲಿ ಆ ಉತ್ತರಕ್ಕೆ ನಾನು ಬೆಚ್ಚಿದ್ದೆ. ಉತ್ತರ ಬರದಿರುವುದು ಅದಕ್ಕಿಂತ ಹೆಚ್ಚು ಬೆಚ್ಚಿಸಿತು. ವರ್ಷಗಟ್ಟಲೆ ಆ ಜಾಗದಲ್ಲಿ ಒಂದು ಮಾತು ಆಡಿದ ಬಾಯಿಗಳು ಈಗ ಮುಚ್ಚಿಕೊಂಡಿದ್ದವು. ಕೆಲವರ ತುಟಿ ಅಲುಗಿದ್ದನ್ನು ನಾನು ಕಂಡೆ. ಹೆಸರು ಕೋಣೆಯಲ್ಲಿ ನಿಂತೇ ಇತ್ತು, ಅದನ್ನು ಯಾರೂ ಕೂರಿಸಲಿಲ್ಲ. ಮತ್ತೊಂದು ಹೆಸರು ಬಂತು, ಅದೂ ನಿಂತಿತು. ಹತ್ತನೆಯ ಹೆಸರಿನ ಹೊತ್ತಿಗೆ ಕೋಣೆ ತುಂಬಿದೆ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎಂದಷ್ಟೇ ಬರೆಯುತ್ತೇನೆ. ಕುರ್ಚಿಗಳು ಖಾಲಿಯೇ ಇದ್ದವು, ನಾನು ಎಣಿಸಿದೆ.

"ಕಮಲಾ ರಾಮಚಂದ್ರ."

ಗಾಳಿ ತಗಡನ್ನು ಅಲುಗಿಸಿತು.

ರಾಯರು ಮುಂದಿನ ಹೆಸರಿಗೆ ಹೋಗಲಿಲ್ಲ. ಪಟ್ಟಿಯಿಂದ ತಲೆಯೆತ್ತಿ ಸಭೆಯನ್ನು ನೋಡಿದರು. ಬೇಡಿಕೊಳ್ಳುವ ನೋಟವಲ್ಲ. ಸರಿಯಾಗಿ ಕೇಳಿಸಲಿಲ್ಲವೇನೋ ಎನ್ನುವ ನೋಟ.

"ಕಮಲಾ ರಾಮಚಂದ್ರ," ಎಂದು ಇನ್ನೊಮ್ಮೆ ಕರೆದರು.

ಹಿಂದಿನ ಸಾಲಿನಲ್ಲಿ ಮೀರಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಎಲ್ಲರೂ ನನ್ನ ಕಡೆ ನೋಡಿದರು. ಹೇಳಬಹುದೇ ಎಂದು ಕೇಳುತ್ತಿದ್ದರು. ನಾನು ನನ್ನ ಪಟ್ಟಿ ನೋಡಿದೆ.

ಮೂರನೆಯ ಸಲ ಕರೆಯುವಾಗ ಧ್ವನಿ ತಗ್ಗಿತ್ತು, ಮನೆಯ ಇನ್ನೊಂದು ಕೋಣೆಯಲ್ಲಿರುವವರನ್ನು ಕೂಗುವ ಹಾಗೆ. "ಕಮಲಾ."

ಆಮೇಲೆ ಅವರೇ ಹೇಳಿದರು, "ಇಲ್ಲ." ಹೇಳಿ ಹನ್ನೆರಡನೆಯ ಹೆಸರಿಗೆ ಹೋದರು.

ಚೀಟಿ ಬರೆಯುವುದು ಐದು ನಿಮಿಷದಲ್ಲಿ ಮುಗಿಯಿತು. ನಾನು ಡಬ್ಬಿ ಹಿಡಿದು ಪಕ್ಕದ ಅಡುಗೆಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಚಹಾದ ನೀರು ಕುದಿಯುತ್ತಿತ್ತು. ಸ್ಟೀಲಿನ ಕಟ್ಟೆಯ ಮೇಲೆ ಹದಿನೆಂಟು ಚೀಟಿಗಳನ್ನು ಬಿಡಿಸಿ ಸಾಲಾಗಿ ಇಟ್ಟೆ.

ಆರನೆಯ ಚೀಟಿಯಲ್ಲಿ ದುಂಡಗೆ, ಗಟ್ಟಿಯಾಗಿ, ಒಳ್ಳೆಯ ಅಕ್ಷರದಲ್ಲಿ ಬರೆದಿತ್ತು: ಬೇಡ.

ಹದಿಮೂರನೆಯದರಲ್ಲಿ ಓಡುವ ಬಸ್ಸಿನಲ್ಲಿ ಬರೆದಂತಹ ಅಕ್ಷರ. ಎರಡೇ ಅಕ್ಷರ, ಅಂಚಿನಿಂದ ಅಂಚಿಗೆ ಅಲೆದಾಡಿದ್ದವು. ಹೌದು.

ಮೂರು ಸಲ ಎಣಿಸಿದೆ. ಪ್ರತಿ ಚೀಟಿಯನ್ನೂ ಕೈಗೆತ್ತಿ ಬೆಳಕಿಗೆ ಹಿಡಿದೆ. ಬೇರೆ ಯಾವ ಚೀಟಿಯಲ್ಲೂ ನಡುಕವಿರಲಿಲ್ಲ. ಆ ಅಕ್ಷರವನ್ನು ನಾನು ಹಿಂದಿನ ದಿನ ಮಧ್ಯಾಹ್ನವಿಡೀ ನೋಡಿದ್ದೆ. ಹೋಟೆಲಿನಲ್ಲಿ ಉಳಿದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ನಿಯಮದಂತೆ ಚೀಟಿಗಳನ್ನು ಸಣ್ಣಗೆ ಹರಿದು, ನೀರಲ್ಲಿ ನೆನೆಸಿ, ಹಿಂಡಿ, ಕಸಕ್ಕೆ ಹಾಕಿದೆ. ಕೈಗೆ ನೀಲಿ ಅಂಟಿತು. ತೊಳೆದುಕೊಂಡು ಹೊರಗೆ ಬಂದೆ.

"ಹೌದು, ಹದಿನೇಳು. ಬೇಡ, ಒಂದು. ವಿಕ್ಟೋರಿಯಾದಲ್ಲಿ ಬಹುಮತ ಸಿಕ್ಕಿಲ್ಲ. ಸಮಾವೇಶ ಇಲ್ಲ."

ಹದಿನೇಳು ಮುಖಗಳು ರಾಯರ ಕಡೆ ತಿರುಗಿದವು.

ನಾನು ಅದನ್ನು ಎದುರಿನಿಂದ ನೋಡಿದೆ. ಎಲ್ಲ ಮುಖಗಳಲ್ಲೂ ಒಂದೇ ಭಾವ, ಬೇಸರ ಬೆರೆತ ಕನಿಕರ. ಆ ಹದಿನೇಳರಲ್ಲಿ ಒಂದು ಮುಖ ಈಗಷ್ಟೇ ಬೇಡ ಎಂದು ಬರೆದು ಬಂದಿತ್ತು. ಅದೂ ಉಳಿದವುಗಳ ಜೊತೆಗೇ ತಿರುಗಿತು, ಅಷ್ಟೇ ವೇಗದಲ್ಲಿ. ಯಾವುದೆಂದು ಹುಡುಕಿದೆ. ಕಾಣಲಿಲ್ಲ. ಪಟ್ಟಿಯ ಸತ್ತವರಲ್ಲಿ ತನ್ನವರೆನ್ನುವ ಒಬ್ಬರಾದರೂ ಅಲ್ಲಿದ್ದ ಎಲ್ಲರಿಗೂ ಇದ್ದರು.

"ಪರವಾಗಿಲ್ಲ ಬಿಡಿ ರಾಯರೇ. ನಮಗೆ ಅರ್ಥ ಆಗತ್ತೆ," ಎಂದು ಯಾರೋ ಅವರ ಭುಜ ಮುಟ್ಟಿದರು.

ರಾಯರು ಒಂದೊಂದೇ ಮುಖವನ್ನು ನೋಡಿದರು, ಕೊನೆಗೆ ನನ್ನನ್ನು. ಗ್ರೂಪಿನಲ್ಲಿ ಹದಿನೇಳು ಜನ ಹೌದು ಎಂದಿದ್ದು, ಮೂರು ಸಲ ಹೆಂಡತಿಯ ಹೆಸರು ಕರೆದಿದ್ದು, ಎಲ್ಲ ಅವರ ವಿರುದ್ಧವೇ ಇತ್ತು. ನಾನು ಒಂದು ಮಾತು ಹೇಳಿದರೆ ಸಾಕಿತ್ತು. ಆ ಒಂದು ಮಾತನ್ನು ಹೇಳದಿರುವುದೇ ಮೂವತ್ತೊಂದು ವರ್ಷ ನನ್ನ ಕೆಲಸವಾಗಿತ್ತು.

"ಕ್ಷಮಿಸಿ," ಎಂದು ಅವರು ಸಭೆಗೆ ಕೈ ಮುಗಿದರು.

ಮೀರಾ ನಮ್ಮನ್ನು ಕಾರಿನಲ್ಲಿ ಕರೆತಂದಳು. ಮನೆಗೆ ಬಂದು ತನ್ನ ಕೋಣೆಗೆ ಹೋದಳು. ರಾಯರು ಹಿತ್ತಲಿನ ಬಿಸಿಲಲ್ಲಿ ಕೂತರು. ನಾನು ಕಾಫಿ ಮಾಡಿ ಒಯ್ದೆ.

"ಶಾರದಮ್ಮನವರೇ, ನೀವು ನಿನ್ನೆ ನನ್ನ ಅಕ್ಷರ ನೋಡಿದ್ದೀರಿ," ಎಂದರು.

"ನೋಡಿದ್ದೇನೆ. ನನ್ನ ತಪ್ಪು."

"ಹಾಗಾದರೆ ನಿಮಗೆ ಗೊತ್ತು."

ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಲೋಟವನ್ನು ಅವರ ಎರಡೂ ಕೈಗೆ ಹಿಡಿಸಿದೆ. "ನೀವೇ ಎದ್ದು ಹೇಳಬಹುದಿತ್ತಲ್ಲ."

"ಹೇಳಿದ್ದರೆ? ಉಳಿದ ಹದಿನೇಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕಾಗಿತ್ತು. ಅದರಲ್ಲಿ ಗಂಡ ಹೆಂಡತಿಯರಿದ್ದಾರೆ. ಇವತ್ತು ಮನೆಗೆ ಹೋಗುವಾಗ ಕಾರಿನಲ್ಲಿ ಏನು ಮಾತಾಡುತ್ತಿದ್ದರು? ಈಗ ನನ್ನೊಬ್ಬನನ್ನು ನೋಡಿದರೆ ಮುಗಿಯಿತು."

"ಮೀರಾ?"

ಅವರು ಒಂದು ಗುಟುಕು ಕಾಫಿ ಕುಡಿದರು. "ನಾನಂತೂ ಹೇಳೋದಿಲ್ಲ. ಹೇಳಿದರೆ ನಂಬುತ್ತಾಳೋ ಇಲ್ಲವೋ ಅದೂ ಗೊತ್ತಿಲ್ಲ. ನೀವು ಹೇಳಬಹುದೋ ಬಾರದೋ ಅದು ನಿಮ್ಮ ನಿಯಮಕ್ಕೆ ಬಿಟ್ಟದ್ದು."

ಹೆಂಡತಿಯ ಹೆಸರನ್ನು ಹೊಡೆದು ಹಾಕುವುದಕ್ಕೆ ಹೇಗೆ ಮನಸ್ಸು ಬಂತು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅವರೇ ಹೇಳಿದರು, "ಮೂರು ಸಲ ಕರೆದೆ ನೋಡಿ. ಬರಲಿಲ್ಲ ಅವಳು."

ಟಾರ್ನೀಟ್ ಸ್ಟೇಷನ್

ಮಾರನೆಯ ಬೆಳಿಗ್ಗೆ ಮೀರಾ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದಳು. ಪ್ಲಾಟ್‌ಫಾರಂನಲ್ಲಿ ಆಫೀಸಿಗೆ ಹೋಗುವವರು ಅಂತರ ಬಿಟ್ಟು ನಿಂತಿದ್ದರು, ಎಲ್ಲರ ಕಿವಿಯಲ್ಲೂ ಬಿಳಿ ಇಯರ್‌ಫೋನುಗಳು. ನೂರು ಜನರಿರಬಹುದು. ಒಂದು ಕೆಮ್ಮೂ ಕೇಳಲಿಲ್ಲ.

"ಆಂಟಿ," ಎಂದಳು ಮೀರಾ. "ಚೀಟಿ ನೋಡಿದ್ದು ನೀವೊಬ್ಬರೇ. ಅಪ್ಪನೇ ಅಲ್ವಾ?"

"ಚೀಟಿಯಲ್ಲಿ ಹೆಸರು ಇರೋದಿಲ್ಲಮ್ಮ."

ಅವಳು ನನ್ನ ಮುಖವನ್ನೇ ನೋಡಿದಳು. ಅಲ್ಲಿ ಏನು ಕಂಡಿತೋ, ನಿಧಾನವಾಗಿ ತಲೆಯಾಡಿಸಿದಳು. "ಗೊತ್ತಿತ್ತು ಬಿಡಿ," ಎಂದಳು.

ನಾನು ಸುಳ್ಳು ಹೇಳಿರಲಿಲ್ಲ. ಆದರೆ ನನ್ನ ನಿಜ ಅವಳ ಒಳಗೆ ಹೋಗಿ ಸುಳ್ಳಾಗುವುದನ್ನು ಕಣ್ಣಾರೆ ನೋಡಿದೆ. ತಿದ್ದಲು ಬಾಯಿ ತೆರೆದೆ. ರೈಲು ಬಂತು, ಜನ ಒಮ್ಮೆಗೆ ಬಾಗಿಲಿನ ಕಡೆ ನುಗ್ಗಿದರು. ಅವಳು ಪೆಟ್ಟಿಗೆಯನ್ನು ಎತ್ತಿ ಒಳಗೆ ಇಟ್ಟು ಇಳಿದಳು. ಗಾಜಿನಾಚೆ ಅವಳು ಕೈ ಬೀಸಲಿಲ್ಲ, ಫೋನ್ ನೋಡುತ್ತಿದ್ದಳು.

ಹಾಸನಕ್ಕೆ ಬಂದು ಮೂರು ತಿಂಗಳಾಯಿತು. ಸುಧಾ ಫೋನಿನಲ್ಲಿ ಹೇಳುತ್ತಿರುತ್ತಾಳೆ. ಮೀರಾ ಮನೆಯಲ್ಲಿ ಈಗ ಅಪ್ಪ ಮಗಳ ನಡುವೆ ಅಗತ್ಯದಷ್ಟೇ ಮಾತಂತೆ. ರಾಯರು ಸಂಘದ ಪುಸ್ತಕಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸಿದರಂತೆ. ಸಭೆಯಲ್ಲಿದ್ದ ಉಳಿದವರೆಲ್ಲ ಚೆನ್ನಾಗಿದ್ದಾರಂತೆ.

ಯಾರ ಮತ ಯಾವುದೆಂದು ನಾನು ಈವರೆಗೆ ಯಾರಿಗೂ ಹೇಳಿಲ್ಲ, ಹೇಳುವುದು ತಪ್ಪು ಎಂದೇ ನಂಬಿದ್ದೇನೆ. ಇದನ್ನು ಓದಿದ ಮೇಲೆ ಹದಿನೇಳು ಜನ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂಬುದೂ ನನಗೆ ಗೊತ್ತಿದೆ. ಹೆಸರು ಬದಲಿಸಿದ್ದೇನೆ, ಆದರೂ ಅವಳಿಗೆ ತಾನು ಯಾರೆಂದು ತಿಳಿಯುತ್ತದೆ.

ಮೀರಾ, ನಿನ್ನ ಅಪ್ಪ ಹೌದು ಎಂದು ಬರೆದಿದ್ದರು.